ತುಕ್ಕು, ಧೂಳು ಮತ್ತು ಒಂದು ಕಬ್ಬಿಣದ ತಟ್ಟೆ

ಚೆನ್ನೈನ ಟಿ. ನಗರದಲ್ಲಿ ಹಿಂಗಾರು ಮಳೆ ರಾತ್ರಿಯಿಡೀ ಸುರಿದು ಬೆಳಗಿನ ಹೊತ್ತಿಗೆ ಬಿಟ್ಟಿದೆ ಎಂದುಕೊಳ್ಳಿ. ಹಬೀಬುಲ್ಲಾ ರಸ್ತೆಯ ಆಚೀಚಿನ ಬೀದಿಗಳಲ್ಲಿ ಕಾಂಪೌಂಡಿನ ಹೊರಗೆ ನಿಲ್ಲಿಸಿದ ಕಾರುಗಳು ಒಂದೊಂದಾಗಿ ಹೊರಡುತ್ತವೆ. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರದೊಳಗಿಂದ ಗರಗರ ಸದ್ದು ಬರುತ್ತದೆ, ಒರಳಲ್ಲಿ ಮರಳು ಅರೆದ ಹಾಗೆ. ಹೊಸದಾಗಿ ಕಾರು ಕೊಂಡವರು ಗಾಬರಿಯಾಗಿ ಇಳಿದು ನೋಡುತ್ತಾರೆ. ಅಲಾಯ್ ಚಕ್ರದ ಕಡ್ಡಿಗಳ ನಡುವೆ, ನಿನ್ನೆ ಕನ್ನಡಿಯಂತಿದ್ದ ಬ್ರೇಕ್ ಡಿಸ್ಕ್ ಮೇಲೆ ಕಿತ್ತಳೆ ಬಣ್ಣದ ತುಕ್ಕು ಹರಡಿದೆ. ಕಾರಿಗೆ ಇನ್ನೂ ವರ್ಷ ತುಂಬಿಲ್ಲ, ಆಗಲೇ ತುಕ್ಕು!

ಹಳಬರಿಗೆ ಗೊತ್ತು, ನಾಲ್ಕು ಸಿಗ್ನಲ್ ದಾಟುವಷ್ಟರಲ್ಲಿ ಸದ್ದು ನಿಲ್ಲುತ್ತದೆ. ಪ್ಯಾಡ್ ತಾನೇ ಆ ತುಕ್ಕನ್ನು ಒರೆಸಿ ತೆಗೆಯುತ್ತದೆ. ಆದರೆ ಎಲ್ಲ ತುಕ್ಕೂ ಹೀಗೆ ಸುಲಭಕ್ಕೆ ಹೋಗುವುದಿಲ್ಲ. ಒರೆಸಿ ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಉಳಿಯುತ್ತದೆ. ಮನೆಯ ಮುಂದೆ ಬಕೆಟ್ಟು, ಬ್ರಷ್ಷು ಹಿಡಿದು ಡಿಸ್ಕ್ ಉಜ್ಜಲು ಕೂರುವ ಮುನ್ನ ಆ ತಟ್ಟೆ ಅಲ್ಲಿಗೆ ಹೇಗೆ ಬಂತು, ಯಾಕೆ ತುಕ್ಕು ಹಿಡಿಯುವ ಲೋಹದಲ್ಲೇ ಮಾಡಿದ್ದಾರೆ, ಅದರ ಧೂಳಿಗೆ ಯಾಕೆ ಹೆದರಬೇಕು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಈ ಕಥೆಯ ದೊಡ್ಡ ಪಾಲು ನಡೆದದ್ದು ಟಿ. ನಗರದಿಂದ ಹೆಚ್ಚು ದೂರವಿಲ್ಲದ ಕಡೆಯೇ.

ಕೆರೆಯಂಗಳದ ಬಡಾವಣೆ

ಟಿ. ನಗರ ಎಂದರೆ ತ್ಯಾಗರಾಯನಗರ. ಜಸ್ಟಿಸ್ ಪಕ್ಷದ ನಾಯಕರಾಗಿದ್ದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರು ಅದಕ್ಕಿದೆ. ಅದರ ನಡುವಿನ ಪಾನಗಲ್ ಪಾರ್ಕಿಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದ ಪಾನಗಲ್ ರಾಜರ ಹೆಸರು. ಪಾಂಡಿ ಬಜಾರ್ ಎಂದು ಎಲ್ಲರೂ ಕರೆಯುವ ಬೀದಿಯ ಅಧಿಕೃತ ಹೆಸರು ಸೌಂದರಪಾಂಡಿಯನ್ ಅಂಗಡಿ. ಆ ಕಾಲದ ರಾಜಕೀಯವೆಲ್ಲ ಬೀದಿಯ ಹಲಗೆಗಳ ಮೇಲಿದೆ. ಹಲಗೆಯ ಮೇಲೆ ಇಲ್ಲದ ಹೆಸರು ಒಂದೇ, ಅಲ್ಲಿ ಮೊದಲಿದ್ದ ಕೆರೆಯದು.

ಇಂಗ್ಲಿಷರು 'ಲಾಂಗ್ ಟ್ಯಾಂಕ್' ಎಂದು ಕರೆದ ಉದ್ದನೆಯ ಕೆರೆ ನುಂಗಂಬಾಕ್ಕಂನಿಂದ ಮಾಂಬಲಂ ಕಡೆಗೆ ಚಾಚಿಕೊಂಡಿತ್ತು. 1920ರ ದಶಕದಲ್ಲಿ ಅದರ ನೀರು ಬಸಿದು ಸೈಟುಗಳನ್ನು ಮಾಡಿದರು. ನಗರ ಬೆಳೆಯುತ್ತಿತ್ತು, ಜನಕ್ಕೆ ಮನೆ ಬೇಕಿತ್ತು. ಕೆರೆ ಹೋದರೂ ತಗ್ಗು ಹೋಗಲಿಲ್ಲ. ಜೋರು ಮಳೆ ಬಂದಾಗ ನೀರು ಹಳೆಯ ದಾರಿ ಹುಡುಕಿಕೊಂಡು ಇಲ್ಲಿಗೇ ಬರುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗಲೂ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ಈ ಭಾಗದ ರಸ್ತೆಗಳಲ್ಲಿ ನೀರು ನಿಂತಿತು. ರಸ್ತೆಯಲ್ಲಿ ನಿಂತ ನೀರಿನಲ್ಲಿ ಮೊದಲು ಮುಳುಗುವುದು ಕಾರಿನ ಚಕ್ರ, ಅದರ ಜೊತೆಗೆ ಬ್ರೇಕು. ಸಮುದ್ರವೂ ದೂರವಿಲ್ಲವಾದ್ದರಿಂದ ಮಳೆಯಿಲ್ಲದ ದಿನವೂ ಗಾಳಿಯಲ್ಲಿ ತೇವ ಮತ್ತು ಉಪ್ಪಿನ ಪಸೆ ಇರುತ್ತದೆ. ಬೆಂಗಳೂರಿನಲ್ಲಿ ಎರಡು ವಾರ ನಿಂತ ಕಾರಿನ ಡಿಸ್ಕಿಗೂ ಇಲ್ಲಿ ಎರಡು ವಾರ ನಿಂತ ಕಾರಿನ ಡಿಸ್ಕಿಗೂ ವ್ಯತ್ಯಾಸ ಕಾಣುವುದು ಇದರಿಂದಲೇ.

ಹಿಡಿ, ಪಿಡಿ, ಮುಟ್ಟುಕಟ್ಟೈ

ಟಿ. ನಗರದಿಂದ ಮೈಲಾಪುರಕ್ಕೆ ಆಟೋದಲ್ಲಿ ಹೋದರೆ ಹೆಚ್ಚು ಹೊತ್ತಾಗುವುದಿಲ್ಲ. ಅಲ್ಲಿನ ಕಪಾಲೀಶ್ವರ ದೇವಸ್ಥಾನದ ತೇರು ಪಂಗುನಿ ತಿಂಗಳಲ್ಲಿ ನಾಲ್ಕು ಮಾಡ ಬೀದಿಗಳಲ್ಲಿ ಸಾಗುತ್ತದೆ. ಹಗ್ಗ ಹಿಡಿದು ಎಳೆಯುವವರು ನೂರಾರು ಜನ, ನಿಲ್ಲಿಸುವವರು ಕೆಲವೇ ಜನ. ಅವರು ಗಾಲಿಯ ಪಕ್ಕದಲ್ಲೇ ನಡೆಯುತ್ತಾರೆ. ಕೈಯಲ್ಲಿ ಮರದ ದೊಡ್ಡ ಬೆಣೆ, ತಮಿಳಿನಲ್ಲಿ ಅದಕ್ಕೆ 'ಮುಟ್ಟುಕಟ್ಟೈ' ಎಂದು ಹೆಸರು. ಸರಿಯಾದ ಕ್ಷಣದಲ್ಲಿ ಅದನ್ನು ಗಾಲಿಯ ಕೆಳಗೆ ಕೊಟ್ಟರೆ ತೇರು ನಿಲ್ಲುತ್ತದೆ, ಒಂದು ಪಕ್ಕಕ್ಕೆ ಕೊಟ್ಟರೆ ತಿರುಗುತ್ತದೆ. ಒಂದು ಕ್ಷಣ ತಡವಾದರೆ ಬೆಣೆ ಕೊಡುವವನ ಕೈಕಾಲಿಗೇ ಅಪಾಯ. ಇಂದಿನ ತಮಿಳಿನಲ್ಲಿ ಯಾರಾದರೂ ಒಂದು ಕೆಲಸಕ್ಕೆ ಅಡ್ಡಿ ಮಾಡಿದರೆ 'ಮುಟ್ಟುಕಟ್ಟೈ ಹಾಕಿದ' ಎನ್ನುತ್ತಾರೆ. ತೇರು ಎಳೆದವರ ಕಣ್ಣಿಂದ ನೋಡಿದರೆ ಅದು ಅಡ್ಡಿಯೇ. ಬೀದಿಯ ಬದಿ ನಿಂತವರ ಕಣ್ಣಿಂದ ನೋಡಿದರೆ ಅದು ಜೀವ ಕಾಯುವ ಮರ. ತಿರುವಾರೂರಿನ ದೊಡ್ಡ ತೇರಿಗೆ ಈಗ ಕಬ್ಬಿಣದ ಗಾಲಿಗಳೂ ಹೈಡ್ರಾಲಿಕ್ ಬ್ರೇಕೂ ಇವೆ. ತಿರುಚ್ಚಿಯ ಬಿಎಚ್‌ಇಎಲ್ ಕಾರ್ಖಾನೆಯವರು ಮಾಡಿಕೊಟ್ಟದ್ದು.

ಬ್ರೇಕಿಗೆ ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಬೀದಿಯಲ್ಲಿ ಓಡಾಡುವ ಬೇರೆ ಹೆಸರು ನಿಲ್ಲಲಿಲ್ಲ, 'ಬ್ರೇಕು' ಎಂಬುದೇ ಉಳಿಯಿತು. ಕ್ರಿಯಾಪದ ಮಾತ್ರ ನಮ್ಮದೇ. ಕನ್ನಡದ ಚಾಲಕ ಬ್ರೇಕ್ ಹಾಕುತ್ತಾನೆ, ಅದು ಹಿಡಿಯುತ್ತದೆ. ತಮಿಳಿನ ಚಾಲಕ ಬ್ರೇಕ್ 'ಪೋಡು'ತ್ತಾನೆ, ಅದು 'ಪಿಡಿ'ಯುತ್ತದೆ. ಹಳಗನ್ನಡದಲ್ಲೂ ಅದು 'ಪಿಡಿ'ಯೇ ಆಗಿತ್ತು. ಪಕಾರ ಹಕಾರವಾದ ಮೇಲೆ 'ಹಿಡಿ' ಆಯಿತು. ಟಿ. ನಗರದ ಗ್ಯಾರೇಜಿನಲ್ಲಿ ಕನ್ನಡದವರು 'ಬ್ರೇಕ್ ಸರಿಯಾಗಿ ಹಿಡೀತಿಲ್ಲ' ಎಂದರೆ ಮೆಕ್ಯಾನಿಕ್ಕಿಗೆ ಅರ್ಥವಾಗಲು ಕಷ್ಟವಾಗದು. ಡಿಸ್ಕಿಗೆ ಅಮೆರಿಕದವರು ಹೇಳುವ 'ರೋಟರ್' ಎಂಬ ಹೆಸರು ಮಾತ್ರ ಇಲ್ಲಿನ ಅಂಗಡಿಗಳಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಡಿಸ್ಕ್, ಪ್ಯಾಡ್, ಕ್ಯಾಲಿಪರ್, ಡ್ರಮ್, ಶೂ, ಲೈನರ್, ಇವಿಷ್ಟೇ ಸಾಕು.

ಹಿಡಿಯುವ ವಿದ್ಯೆಯ ಹೊಸ ಅಧ್ಯಾಯ ಶುರುವಾದದ್ದು ಇಂಗ್ಲೆಂಡಿನಲ್ಲಿ. ಡರ್ಬಿಶೈರಿನ ಗುಡ್ಡಗಾಡಿನಲ್ಲಿ ಇಳಿಜಾರು ಇಳಿಯುವ ಕುದುರೆಗಾಡಿಗಳ ಮರದ ಬ್ರೇಕಿಗೆ ರೈತರು ಹಳೆಯ ಬೂಟಿನ ತುಂಡು ಹೊಡೆದಿದ್ದನ್ನು ಕಂಡು ಹರ್ಬರ್ಟ್ ಫ್ರೂಡ್ ಎಂಬಾತನಿಗೆ ಬ್ರೇಕಿನ ಹೊದಿಕೆಯ ಯೋಚನೆ ಬಂತು ಎಂಬ ಕಥೆಯಿದೆ. 1897ರಲ್ಲಿ ಆತ ಶುರುಮಾಡಿದ ಕೆಲಸವೇ ಮುಂದೆ 'ಫೆರೋಡೊ' ಎಂಬ ಕಂಪನಿಯಾಯಿತು. ಮೊದಲು ಹತ್ತಿ, ಕೂದಲುಗಳಿಂದ ನೇಯ್ದ ಪಟ್ಟಿ. ಮೋಟಾರು ಗಾಡಿಗಳ ಶಾಖಕ್ಕೆ ಅದು ಸುಟ್ಟುಹೋಗುತ್ತಿದ್ದುದರಿಂದ ಆಮೇಲೆ ಆಸ್ಬೆಸ್ಟಾಸ್. 1902ರಲ್ಲಿ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಚಿವುಟಿ ನಿಲ್ಲಿಸುವ ಬ್ರೇಕಿಗೆ ಪೇಟೆಂಟ್ ಪಡೆದ. ಲೋಹಕ್ಕೆ ಲೋಹ ಉಜ್ಜಿ ಅದು ಕಿರುಚುತ್ತಿತ್ತು, ಮಣ್ಣುರಸ್ತೆಯ ಧೂಳಿಗೆ ಬೇಗ ಸವೆಯುತ್ತಿತ್ತು. ಅದೇ ವರ್ಷ ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕನ್ನು ತಂದ. ಮುಚ್ಚಿದ ಡಬ್ಬಿಯೊಳಗೆ ಧೂಳು ಹೋಗುವುದು ಕಡಿಮೆ. ಮುಂದಿನ ಐವತ್ತು ವರ್ಷ ಕಾರುಗಳನ್ನು ನಿಲ್ಲಿಸಿದ್ದು ಡ್ರಮ್ಮೇ.

ಡ್ರಮ್ಮಿನ ತೊಂದರೆ ಶಾಖ. ಒಂದು ಲೆಕ್ಕ ನೋಡಿ. 1000 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅದರಲ್ಲಿ ಸುಮಾರು 139 ಕಿಲೋಜೂಲ್ ಶಕ್ತಿ ಇರುತ್ತದೆ. ಕಾರು ನಿಂತಾಗ ಅದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 63 ಡಿಗ್ರಿಗೆ ಕಾಯಿಸಲು ಅಷ್ಟು ಸಾಕು. ಘಟ್ಟ ಇಳಿಯುವಾಗ ಹೀಗೆ ಮತ್ತೆ ಮತ್ತೆ ಆದರೆ ಮುಚ್ಚಿದ ಡ್ರಮ್ಮಿನಲ್ಲಿ ಶಾಖ ಹೋಗಲು ದಾರಿಯಿರದೆ ಬ್ರೇಕ್ ಹಿಡಿತ ತಪ್ಪುತ್ತದೆ. ಗಾಳಿಗೆ ತೆರೆದ ತಟ್ಟೆಗೆ ಈ ಕಷ್ಟ ಕಡಿಮೆ. 1953ರ ಲ ಮಾನ್ 24 ಗಂಟೆಗಳ ಪಂದ್ಯವನ್ನು ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದ ಮೇಲೆ ಎಲ್ಲರ ಕಣ್ಣು ಲ್ಯಾಂಚೆಸ್ಟರನ ಹಳೆಯ ತಟ್ಟೆಯ ಮೇಲೆ ಬಿತ್ತು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಕೊಂಡು ಬಂತು.

ಪಾಡಿಯಲ್ಲಿ ಬ್ರೇಕು, ಕ್ಯಾಥೆಡ್ರಲ್ ರಸ್ತೆಯಲ್ಲಿ ದೋಸೆ

1962ರಲ್ಲಿ ಮದ್ರಾಸಿನಲ್ಲಿ ಎರಡು ಬಾಗಿಲು ತೆರೆದವು. ಒಂದು ಊರಿನ ವಾಯುವ್ಯಕ್ಕಿರುವ ಪಾಡಿಯಲ್ಲಿ. ಟಿವಿಎಸ್ ಸಮೂಹ ಬ್ರಿಟನ್ನಿನ ಗರ್ಲಿಂಗ್ ಜೊತೆ ಸೇರಿ ಕಟ್ಟಿದ 'ಬ್ರೇಕ್ಸ್ ಇಂಡಿಯಾ' ಹುಟ್ಟಿದ್ದು ಆ ವರ್ಷ. ಎರಡೇ ವರ್ಷಕ್ಕೆ, 1964ರಲ್ಲಿ, 'ರಾಣೆ ಬ್ರೇಕ್ ಲೈನಿಂಗ್' ಬಂತು. 1974ರಲ್ಲಿ 'ಸುಂದರಂ ಬ್ರೇಕ್ ಲೈನಿಂಗ್ಸ್'. ಪಾಡಿ ಮತ್ತು ಅಂಬತ್ತೂರಿನ ಸುತ್ತ ಬ್ರೇಕು, ಗಾಲಿ, ಲೈನರ್ ಮಾಡುವ ಕಾರ್ಖಾನೆಗಳ ಸಾಲೇ ಬೆಳೆಯಿತು. ಮದ್ರಾಸು ಕಾರು ಮಾಡುವ ಊರು ಎಂದು ಹೆಸರಾದದ್ದು 1990ರ ದಶಕದ ಕೊನೆಯಲ್ಲಿ, ಮರೈಮಲೈನಗರಕ್ಕೆ ಫೋರ್ಡ್, ಇರುಂಗಾಟ್ಟುಕೋಟ್ಟೈಗೆ ಹ್ಯುಂಡೈ ಬಂದ ಮೇಲೆ. ಕಾರು ನಿಲ್ಲಿಸುವ ವಿದ್ಯೆ ಅದಕ್ಕೂ ಮೂವತ್ತೈದು ವರ್ಷ ಮೊದಲೇ ಇಲ್ಲಿ ನೆಲೆಯೂರಿತ್ತು.

ಎರಡನೆಯ ಬಾಗಿಲು ಕ್ಯಾಥೆಡ್ರಲ್ ರಸ್ತೆಯಲ್ಲಿ ತೆರೆಯಿತು. ಉಡುಪಿ ಸೀಮೆಯಿಂದ ಬಂದು ಹೋಟೆಲ್ ಉದ್ಯಮ ಕಟ್ಟಿದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಅದು. ಮರದ ನೆರಳಲ್ಲಿ ಕಾರು ನಿಲ್ಲಿಸಿದರೆ ದೋಸೆ, ಕಾಫಿ ಕಾರಿನ ಕಿಟಕಿಗೇ ಬರುತ್ತಿತ್ತು. 2008ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಮದ್ರಾಸಿನ ಕನ್ನಡದವರಿಗೆ ಅದು ಊರಿನವರು ಸಿಗುವ ಜಾಗವೂ ಆಗಿತ್ತು. ಅಲ್ಲಿ ನಿಲ್ಲುತ್ತಿದ್ದ ಅಂಬಾಸಿಡರ್, ಫಿಯಟ್‌ಗಳ ನಾಲ್ಕೂ ಚಕ್ರಗಳಲ್ಲಿ ಆ ಕಾಲಕ್ಕೆ ಡ್ರಮ್ಮೇ ಇತ್ತು. ತುಕ್ಕು ಹಿಡಿದರೂ ಕಾಣದು, ಧೂಳು ತುಂಬಿದರೂ ಕಾಣದು. ಬ್ರೇಕ್ ನೋಡುವುದು ಮೆಕ್ಯಾನಿಕ್ಕಿನ ಕೆಲಸ, ಒಡೆಯನದಲ್ಲ. ಮಾಲೀಕರು ಒರೆಸುತ್ತಿದ್ದದ್ದು ಬಾನೆಟ್ಟು, ಗಾಜು, ಹಬ್ ಕ್ಯಾಪು. 1980, 90ರ ದಶಕಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಸಾಮಾನ್ಯವಾಯಿತು. ಆಮೇಲೆ ಅಲಾಯ್ ಚಕ್ರಗಳು ಬಂದು ಆ ಡಿಸ್ಕನ್ನು ದಾರಿಹೋಕರಿಗೂ ತೋರಿಸಿದವು. ಕಂಡದ್ದನ್ನು ಉಜ್ಜಬೇಕು ಅನ್ನಿಸುವುದು ಸಹಜ. ಮನೆಯಲ್ಲೇ ಡಿಸ್ಕ್ ತೊಳೆಯುವ ಹವ್ಯಾಸ ಹುಟ್ಟಿದ್ದು ಹೀಗೆ.

ಊದಿ ತೆಗೆದ ಧೂಳು

ಡ್ರಮ್ಮಿನ ಕಾಲದ ಗ್ಯಾರೇಜನ್ನು ಕಂಡವರಿಗೆ ಒಂದು ದೃಶ್ಯ ನೆನಪಿರುತ್ತದೆ. ಹುಡುಗನೊಬ್ಬ ಡ್ರಮ್ ಕಳಚಿ ನೆಲಕ್ಕೆ ಕುಟ್ಟುತ್ತಾನೆ. ಒಂದು ಹಿಡಿ ಬೂದು ಪುಡಿ ಬೀಳುತ್ತದೆ. ಉಳಿದದ್ದನ್ನು ಬಾಯಿಂದಲೋ ಕಂಪ್ರೆಸರ್ ಗಾಳಿಯಿಂದಲೋ ಊದುತ್ತಾನೆ. ಒಂದು ಕ್ಷಣ ಮೋಡ ಎದ್ದು ಕರಗುತ್ತದೆ. ಆ ಪುಡಿಯಲ್ಲಿ ಲೈನರಿನಿಂದ ಸವೆದ ಆಸ್ಬೆಸ್ಟಾಸ್ ಎಳೆಗಳಿರುತ್ತಿದ್ದವು. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಆ ಎಳೆಗಳು ಶ್ವಾಸಕೋಶದೊಳಗೆ ಹೋದರೆ ಅಲ್ಲೇ ಉಳಿಯುತ್ತವೆ. ಅವು ತರುವ ಕಾಯಿಲೆಗಳು, ಅದರಲ್ಲೂ ಮೆಸೊಥೀಲಿಯೋಮ ಎಂಬ ಕ್ಯಾನ್ಸರ್, ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ಹದಿನೈದನೆಯ ವಯಸ್ಸಿನಲ್ಲಿ ಊದಿದ ಧೂಳಿನ ಲೆಕ್ಕ ಐವತ್ತನೆಯ ವಯಸ್ಸಿಗೆ ಬರುತ್ತದೆ. ಅಷ್ಟರಲ್ಲಿ ಗ್ಯಾರೇಜೂ ಇರುವುದಿಲ್ಲ, ಅಲ್ಲಿ ಕೆಲಸ ಮಾಡಿದ್ದಕ್ಕೆ ಕಾಗದವೂ ಇರುವುದಿಲ್ಲ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಮೊಕದ್ದಮೆಯೊಂದರಲ್ಲಿ, ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸ ಶುರುವಾದಂದಿನಿಂದ ಕನಿಷ್ಠ 40 ವರ್ಷ, ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ಕಡೆಯದೋ ಅಲ್ಲಿಯವರೆಗೆ ಇಡಬೇಕು ಎಂದಿತು. ಈ ಕಾಯಿಲೆಯ ನಿಧಾನವನ್ನು ಅರಿತು ಬರೆದ ಆದೇಶ ಅದು. ಆದರೆ ಅದು ಮುಟ್ಟಿದ್ದು ಹಾಜರಿ ಪುಸ್ತಕ ಇರುವ ಕಡೆಯನ್ನು. ಪುದುಪೇಟೆಯಲ್ಲಿ ಹಳೆಯ ಗಾಡಿಗಳನ್ನು ಬಿಚ್ಚುವವರು, ರಸ್ತೆಬದಿಯ ಶೆಡ್ಡಿನ ಹುಡುಗರು ಯಾವ ಪುಸ್ತಕದಲ್ಲೂ ಇರಲಿಲ್ಲ.

ದೊಡ್ಡ ಕಂಪನಿಗಳ ಲೈನರ್, ಪ್ಯಾಡ್‌ಗಳು ಕ್ರಮೇಣ ಆಸ್ಬೆಸ್ಟಾಸ್ ಬಿಟ್ಟವು. ಬ್ರಿಟನ್ 1999ರಲ್ಲಿ, ಇಡೀ ಐರೋಪ್ಯ ಒಕ್ಕೂಟ 2005ರಲ್ಲಿ ಅದನ್ನು ನಿಷೇಧಿಸಿದವು. ಭಾರತದಲ್ಲಿ ಪೂರ್ಣ ನಿಷೇಧ ಬಂದಿಲ್ಲ. ಹಾಗಾಗಿ ಹೆಸರಿಲ್ಲದ ಅಗ್ಗದ ಪ್ಯಾಡ್ ಕೊಳ್ಳುವವರು, ಪೊಟ್ಟಣದ ಮೇಲೆ 'ಆಸ್ಬೆಸ್ಟಾಸ್ ರಹಿತ' ಎಂದು ಇಲ್ಲದಿದ್ದರೆ ಅದು ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಸರಿ. ಆಸ್ಬೆಸ್ಟಾಸ್ ಇಲ್ಲದ ಧೂಳೂ ಪೂರ್ತಿ ನಿರಪಾಯವಲ್ಲ. ಅದರಲ್ಲಿ ಕಬ್ಬಿಣ, ತಾಮ್ರ ಮುಂತಾದ ಲೋಹಗಳ ಸೂಕ್ಷ್ಮ ಕಣಗಳಿರುತ್ತವೆ. 2024ರಲ್ಲಿ ಐರೋಪ್ಯ ಒಕ್ಕೂಟ ಒಪ್ಪಿದ 'ಯೂರೋ 7' ನಿಯಮ ಹೊಗೆಕೊಳವೆಯ ಜೊತೆಗೆ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ. ಮನೆಯ ಮುಂದೆ ಡಿಸ್ಕ್ ಉಜ್ಜುವವರು ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ. ಒಣ ಧೂಳನ್ನು ಊದಬಾರದು, ಒಣ ಬ್ರಷ್ಷಿನಿಂದ ಗುಡಿಸಬಾರದು. ಒದ್ದೆ ಮಾಡಿ ಒರೆಸಬೇಕು. ಮಾಸ್ಕ್ ಹಾಕಬೇಕು. ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಪಕ್ಕದಲ್ಲಿ ಮಕ್ಕಳು ಆಡುತ್ತಿರಬಾರದು.

ತಟ್ಟೆಯನ್ನು ನೋಡಿಕೊಳ್ಳುವುದು

ಡಿಸ್ಕನ್ನು ತುಕ್ಕು ಹಿಡಿಯದ ಉಕ್ಕಿನಲ್ಲೇ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಬೈಕುಗಳಲ್ಲಿ ಹಾಗೆ ಮಾಡುತ್ತಾರೆ ಕೂಡ. ಕಾರಿಗೆ ಸಾಮಾನ್ಯವಾಗಿ ಬೂದು ಎರಕದ ಕಬ್ಬಿಣ. ಅದರೊಳಗೆ ಗ್ರಾಫೈಟ್ ತೆಳುವಾದ ಪದರಗಳಾಗಿ ಹರಡಿರುತ್ತದೆ. ಶಾಖವನ್ನು ಬೇಗ ಸಾಗಿಸುವುದು, ಅದುರನ್ನು ಹೀರಿಕೊಂಡು ಕಿರುಚಾಟ ತಗ್ಗಿಸುವುದು ಅದರ ಗುಣ. ಬೆಲೆಯೂ ಕಡಿಮೆ. ಈ ಗುಣಗಳಿಗೆ ಕೊಡುವ ಬೆಲೆಯೇ ತುಕ್ಕು. ಪ್ಯಾಡ್ ಉಜ್ಜುವ ಮುಖಕ್ಕೆ ಬಣ್ಣ ಬಳಿಯಲಾಗದು, ಎಣ್ಣೆ ಸವರಲಾಗದು. ಪ್ರತಿದಿನ ಓಡುವ ಕಾರಿನಲ್ಲಿ ಬ್ರೇಕ್ ಒತ್ತುವುದೇ ಅದರ ಶುಚಿ.

ತೊಂದರೆ ಬರುವುದು ನಿಂತ ಕಾರಿಗೆ. 2020ರ ಮಾರ್ಚ್ 25ರಿಂದ ದೇಶವೇ ಬೀಗ ಹಾಕಿಕೊಂಡಾಗ ಕಾರುಗಳೂ ವಾರಗಟ್ಟಲೆ ಅಲುಗಾಡದೆ ನಿಂತವು. ಹಾಗೆ ನಿಂತ ಕಾರಿನಲ್ಲಿ ಪ್ಯಾಡ್ ಅಂಟಿಕೊಂಡ ಜಾಗದ ಗುರುತು ಡಿಸ್ಕಿನ ಮೇಲೆ ಉಳಿಯುತ್ತದೆ, ಹ್ಯಾಂಡ್ ಬ್ರೇಕ್ ಎಳೆದಿಟ್ಟಿದ್ದರೆ ಹಿಂದಿನ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಬಹಳ ದಿನ ನಿಲ್ಲಿಸುವವರು ಸಮತಟ್ಟು ಜಾಗ ನೋಡಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಅಥವಾ ಮರದ ಬೆಣೆ ಕೊಟ್ಟು ಹ್ಯಾಂಡ್ ಬ್ರೇಕ್ ಬಿಡುವುದು ಇದಕ್ಕೇ. ಮೈಲಾಪುರದ ತೇರಿನ ಬೆಣೆ ಹೀಗೆ ಮನೆಯ ಅಂಗಳಕ್ಕೂ ಬರುತ್ತದೆ.

ಚಕ್ರ ಬಿಚ್ಚಿ ನೋಡುವ ಧೈರ್ಯ ಇರುವವರು ಕಾರನ್ನು ಜಾಕಿನ ಮೇಲಷ್ಟೇ ಬಿಡುವುದಿಲ್ಲ, ಕೆಳಗೆ ಸ್ಟ್ಯಾಂಡ್ ಕೊಡುತ್ತಾರೆ. ಮೊದಲು ಡಿಸ್ಕ್ ಪೂರ್ತಿ ತಣಿದಿರಬೇಕು. ಬಿಸಿ ಕಬ್ಬಿಣಕ್ಕೆ ತಣ್ಣೀರು ಎರಚುವುದು ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ ಬಟ್ಟೆಯಿಂದ ಒರೆಸಿದರೆ ಜಿಡ್ಡು ಹೋಗುತ್ತದೆ. ಸೀಮೆಎಣ್ಣೆ, ಡೀಸೆಲ್, ಟೈರಿಗೆ ಹೊಳಪು ಕೊಡುವ ದ್ರವ ಇವು ಯಾವುವೂ ಡಿಸ್ಕಿಗೆ ತಾಗಬಾರದು. ಪ್ಯಾಡ್ ಒಮ್ಮೆ ಎಣ್ಣೆ ಕುಡಿದರೆ ಬದಲಾಯಿಸುವುದೇ ದಾರಿ. ಕ್ಯಾಲಿಪರ್ ಬಿಚ್ಚಿದರೆ ರಬ್ಬರ್ ಹೋಸಿನಲ್ಲಿ ನೇತುಹಾಕದೆ ತಂತಿಯಿಂದ ಕಟ್ಟಬೇಕು. ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕಿನ ಹೊಪ್ಪಳೆ ಇದ್ದರೆ ತಂತಿ ಬ್ರಷ್ಷಿನಿಂದ, ನೀರು ಚಿಮುಕಿಸಿಯೇ, ಉಜ್ಜಬೇಕು. ಅಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ. ನಟ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರು ಬಿಗಿಯುವುದೂ ಇದೇ ಕಾರಣಕ್ಕೆ.

ಒರೆಸಿದ ಮೇಲೆ ಬೆರಳುಗುರು ಹಾಯಿಸಿ ನೋಡಬೇಕು. ಆಳದ ಗೆರೆಗಳು, ಬಿರುಕು, ಗುಳಿಬಿದ್ದ ತುಕ್ಕು ಇದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಕನಿಷ್ಠ ದಪ್ಪದ ಅಂಕಿ ಕೆತ್ತಿರುತ್ತಾರೆ. ಸವೆದು ಅದಕ್ಕಿಂತ ಕಡಿಮೆಯಾದ ಡಿಸ್ಕನ್ನು ಲೇತಿಗೆ ಹಾಕಿಸಿ ಹೊಳಪು ತಂದರೂ ಪ್ರಯೋಜನವಿಲ್ಲ, ಶಾಖ ತಡೆಯುವ ಲೋಹ ಅಲ್ಲಿ ಉಳಿದಿರುವುದಿಲ್ಲ. ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವನ್ನೂ ಮರೆಯುವಂತಿಲ್ಲ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ ಏಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವುದು ಇದಕ್ಕೇ. ಚೆನ್ನೈನ ಗಾಳಿಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕ.

ವಿದ್ಯುತ್ ಕಾರುಗಳು ಬಂದ ಮೇಲೆ ಕಥೆ ಒಂದು ಸುತ್ತು ತಿರುಗಿದೆ. ಅವು ನಿಧಾನಿಸುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬುವುದರಿಂದ ಡಿಸ್ಕಿಗೆ ಕೆಲಸ ಕಡಿಮೆ. ಕೆಲಸವಿಲ್ಲದ ಡಿಸ್ಕಿಗೆ ತುಕ್ಕು ಬೇಗ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಕಾರುಗಳ ಹಿಂದಿನ ಚಕ್ರಕ್ಕೆ ಮತ್ತೆ ಡ್ರಮ್ ಹಾಕಿತು. ರೆನೊನ ಮುಚ್ಚಿದ ಡಬ್ಬಿ ನೂರಿಪ್ಪತ್ತು ವರ್ಷದ ಮೇಲೆ ಹೀಗೆ ಮರಳಿದೆ.

ಟಿ. ನಗರದಲ್ಲಿ ಈ ಕೆಲಸಕ್ಕೆ ಒಂದು ದಿನ ಮೊದಲೇ ಗೊತ್ತಾಗಿದೆ. ಆಯುಧಪೂಜೆಯ ಹಿಂದಿನ ಸಂಜೆ ಎಲ್ಲ ಬೀದಿಗಳಲ್ಲೂ ಕಾರು ತೊಳೆಯುವ ಸಡಗರ. ಮರುದಿನ ಬಾನೆಟ್ಟಿಗೆ ಗಂಧ, ಕುಂಕುಮ, ಹಾರ. ಚಕ್ರದ ಕೆಳಗೆ ನಿಂಬೆಹಣ್ಣು. ಹಬ್ಬ ಬರುವುದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಸಾಮಾನ್ಯವಾಗಿ ಹಿಂಗಾರು ಮಳೆ ಹಿಡಿಯುವ ಮುಂಚೆ. ನಿಂಬೆಹಣ್ಣು ಇಡಲು ಬಗ್ಗಿದವರು ಅದೇ ಬಗ್ಗಿದಲ್ಲೇ ಡಿಸ್ಕನ್ನೂ ಪ್ಯಾಡಿನ ದಪ್ಪವನ್ನೂ ಒಮ್ಮೆ ನೋಡಿದರೆ ಮಳೆಗಾಲದ ಅರ್ಧ ಕೆಲಸ ಆದಂತೆ. ಉಸ್ಮಾನ್ ರಸ್ತೆಯಲ್ಲಿ ದೀಪಾವಳಿಯ ಬಟ್ಟೆ ಕೊಳ್ಳಲು ಬಂದವರು ಕೈಚೀಲ ಹಿಡಿದು, ಮಕ್ಕಳ ಕೈ ಹಿಡಿದು, ಸಿಗ್ನಲ್ ನೋಡದೆ ಅಡ್ಡ ದಾಟುವ ದಿನಗಳು ಆಮೇಲೆ ಬರುತ್ತವೆ.

ಮಳೆಯ ಮರುದಿನ ಬೆಳಿಗ್ಗೆ ಕಾರು ಹೊರಟಾಗ ಗರಗರ ಸದ್ದು ಬಂದೇ ಬರುತ್ತದೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದ್ದು ನೋಡಿಕೊಂಡು, ಮೆಲ್ಲಗೆ ಎರಡು ಮೂರು ಸಲ ಬ್ರೇಕ್ ಒತ್ತಬೇಕು. ಪಾನಗಲ್ ಪಾರ್ಕ್ ಮುಟ್ಟುವಷ್ಟರಲ್ಲಿ ಸದ್ದು ನಿಂತರೆ ಆಫೀಸಿಗೆ ಹೋಗಬಹುದು. ನಿಲ್ಲದಿದ್ದರೆ ಮೆಕ್ಯಾನಿಕ್ಕಿನ ಹತ್ತಿರ ಹೋಗಬೇಕು. ಅಲ್ಲಿ ಕೆಲಸದ ಹುಡುಗ ಧೂಳು ಊದಲು ಬಾಯಿ ತಂದರೆ, 'ಬೇಡಪ್ಪಾ, ನೀರು ಹಾಕಿ ಒರೆಸು' ಎಂದು ಹೇಳಲು ಮರೆಯಬಾರದು.